ಮನೆಯವರ ಮೇಲೆ ಪದ್ಯ, ತನ್ನ ಮೇಲೆ ಪದ್ಯ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಕಾಗದಗಳಲ್ಲಿ ಹೆಚ್ಚಿನವು ಅಪ್ಪ, ಅವ್ವ, ಅಣ್ಣ, ತವರು, ಇಲ್ಲವೇ ಕನ್ನಡಿಯಲ್ಲಿ ಕಾಣುವ ತಮ್ಮದೇ ಮುಖದ ಮೇಲೆ ಬರೆಯಲು ಹೊರಟವರದು. ಮನೆಯ ವಿಚಾರವಾದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ, ಊರಿನ ಹೆಸರು ಮಾತ್ರ ಇದೆ.

ಪ್ರಶ್ನೆ: ನಮ್ಮ ತಂದೆ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದರು. ಈಗಿಲ್ಲ. ಅವರ ಮೇಲೆ ಬರೆದ ಪದ್ಯ ಹೀಗೆ ಶುರುವಾಗುತ್ತದೆ: ‘ಅಪ್ಪಾ, ನೀನೊಂದು ಆಲದ ಮರ / ನಿನ್ನ ನೆರಳಲ್ಲಿ ಬೆಳೆದೆವು ನಾವು / ತ್ಯಾಗದ ಮೂರ್ತಿ, ಕರುಣೆಯ ಕಡಲು / ತೀರಿಸಲಾರೆ ನಿನ್ನ ಋಣವ.’ ಓದಿದವರೆಲ್ಲ ಚೆನ್ನಾಗಿದೆ ಅನ್ನುತ್ತಾರೆ. ನನಗೆ ಮಾತ್ರ ಪತ್ರಿಕೆಯ ಶ್ರದ್ಧಾಂಜಲಿ ಜಾಹೀರಾತು ಓದಿದ ಹಾಗಾಗುತ್ತದೆ. ಚಿಲ್ಲರೆ ಇಲ್ಲದಾಗ ಟಿಕೆಟ್ಟಿನ ಹಿಂದೆ ಬಾಕಿ ಬರೆದುಕೊಡುವುದು ಅವರಿಗೆ ಎಷ್ಟು ರೂಢಿಯಾಗಿತ್ತೆಂದರೆ ಮನೆಯ ಹಾಲಿನ ಲೆಕ್ಕವನ್ನೂ ಹಳೇ ಟಿಕೆಟ್ಟಿನ ಬೆನ್ನಿಗೇ ಬರೆಯುತ್ತಿದ್ದರು. ಪಿಯುಸಿಗೆ ನಾನು ಅವರ ಬಸ್ಸಿನಲ್ಲೇ ಹೋಗುತ್ತಿದ್ದೆ; ನನಗೂ ಟಿಕೆಟ್ ಹರಿಯುತ್ತಿದ್ದರು. ಇದೆಲ್ಲ ಪದ್ಯಕ್ಕೆ ಬರುವ ವಿಷಯವಲ್ಲ ಎಂದು ಬಿಟ್ಟೆ. ಎಲ್ಲಿ ಎಡವಿದ್ದೇನೆ? (ಹಾಸನ)

ಉತ್ತರ: ಎಡವಿದ್ದು ಆ ಕೊನೆಯ ಮಾತಿನಲ್ಲಿ. ಪದ್ಯ ಇರುವುದೇ ನೀವು ಬಿಟ್ಟ ವಿಷಯದಲ್ಲಿ.

ಒಂದು ಪರೀಕ್ಷೆ ಮಾಡಿ. ನಿಮ್ಮ ಪದ್ಯದಲ್ಲಿ ‘ಅಪ್ಪಾ’ ತೆಗೆದು ‘ಗುರುವೇ’ ಎಂದು ಹಾಕಿ ಓದಿ. ಆಮೇಲೆ ಊರಿನ ಯಾರಾದರೂ ಹಿರಿಯರ ಹೆಸರು ಹಾಕಿ ಓದಿ. ಪದ್ಯಕ್ಕೆ ಏನೂ ಆಗುವುದಿಲ್ಲ. ಅಂದರೆ ನಿಮ್ಮ ತಂದೆ ಇನ್ನೂ ಅದರೊಳಕ್ಕೆ ಬಂದಿಲ್ಲ. ಆಲದ ಮರ, ನೆರಳು, ಕಡಲು, ಋಣ ಎಲ್ಲವೂ ಸಿದ್ಧವಾಗಿ ಸಿಗುವ ಮಾತುಗಳು. ದುಃಖದಲ್ಲಿರುವಾಗ ಮೊದಲು ಬಾಯಿಗೆ ಬರುವುದೂ ಇವೇ. ಮೊದಲ ಕರಡಿನಲ್ಲಿ ಬರಲಿ, ತಪ್ಪಿಲ್ಲ. ಎರಡನೆಯದರಲ್ಲಿ ಇರಬಾರದು.

ಈಗ ಒಂದು ಹಾಳೆಯಲ್ಲಿ ತಂದೆಯ ಬಗ್ಗೆ 20 ವಾಕ್ಯ ಬರೆಯಿರಿ. ಎರಡೇ ಕಟ್ಟಳೆ: ಗುಣವಾಚಕ ಬೇಡ, ಮತ್ತು ಪ್ರತಿ ವಾಕ್ಯವೂ ಅವರ ಕೈ, ಕಾಲು, ಬಾಯಿ ಮಾಡುತ್ತಿದ್ದ ಒಂದು ಕೆಲಸದಲ್ಲಿ ಮುಗಿಯಬೇಕು. ‘ದುಡಿಯುತ್ತಿದ್ದರು’, ‘ಬೈಯುತ್ತಿದ್ದರು’ ಎಂಬ ಮೊದಲ ಏಳೆಂಟು ವಾಕ್ಯಗಳು ಯಾರ ಅಪ್ಪನಿಗಾದರೂ ಸಲ್ಲುತ್ತವೆ. ಹನ್ನೆರಡು ದಾಟಿದ ಮೇಲೆ ನೆನಪು ಒಳಗೆ ಕೈಹಾಕುತ್ತದೆ. ಚೀಲದ ಪಟ್ಟಿ ಹೆಗಲ ಮೇಲೆ ಉಳಿಸಿದ ಗುರುತು, ಡ್ಯೂಟಿ ಮುಗಿದು ಬಂದಮೇಲೂ ಕಿವಿಯ ಹಿಂದೆಯೇ ಇರುತ್ತಿದ್ದ ಪೆನ್ನು, ವೇಬಿಲ್ ಲೆಕ್ಕ ಕೂಡದ ರಾತ್ರಿ ಅನ್ನದ ತಟ್ಟೆಯ ಮುಂದೆ ಬೆರಳು ಮಡಿಸುತ್ತಿದ್ದುದು, ಇಂಥವು ಆಗ ಬರುತ್ತವೆ. ಇಪ್ಪತ್ತರಲ್ಲಿ ಒಂದನ್ನು ಮಾತ್ರ ಆರಿಸಿ. ಎಲ್ಲವನ್ನೂ ತುಂಬಿದರೆ ಪದ್ಯ ಪಟ್ಟಿಯಾಗುತ್ತದೆ.

ಮುಂದಿನ ಹೆಜ್ಜೆಯನ್ನು ಬಹಳ ಜನ ತಪ್ಪಿಸುತ್ತಾರೆ. ‘ಬರೆಯುತ್ತಿದ್ದರು’ ಎಂಬುದನ್ನು ‘ಬರೆದರು’ ಮಾಡಿ. ‘-ತ್ತಿದ್ದರು’ ಎಂದಷ್ಟು ಹೊತ್ತೂ ಓದುಗ ನಿಮ್ಮ ನೆನಪಿನ ಸಾರಾಂಶ ಕೇಳುತ್ತಿರುತ್ತಾನೆ. ‘ಬರೆದರು’ ಎಂದ ಕೂಡಲೇ ಒಂದು ದಿನ, ಒಂದು ಬಸ್ಸು, ಒಂದು ಸೀಟು ಕಣ್ಣಿಗೆ ಬರುತ್ತದೆ. ನಿಮ್ಮ ಕಾಗದದ ವಿಷಯವನ್ನೇ ಇಟ್ಟುಕೊಂಡು ಮಾಡಿದ ಒಂದು ಮಾದರಿ ಇಲ್ಲಿದೆ:

ಚಿಲ್ಲರೆ ಇರಲಿಲ್ಲ.
ಟಿಕೆಟ್ಟಿನ ಬೆನ್ನಿಗೆ ಬಾಕಿ ಬರೆದು
‘ಇಳಿಯುವಾಗ ಕೇಳಿ’ ಅಂದರು ಅಪ್ಪ
ನನಗೂ,
ಯಾರೋ ಪ್ರಯಾಣಿಕನಿಗೆ ಅಂದ ಹಾಗೆ.

ಐದು ಸಾಲಿನಲ್ಲಿ ಅಪ್ಪನ ಪ್ರಾಮಾಣಿಕತೆಯೂ ಇದೆ, ಮಗನನ್ನು ‘ಕೇಳಿ’ ಎಂದು ಬಹುವಚನದಲ್ಲಿ ಕರೆದ ದೂರವೂ ಇದೆ. ಎರಡನ್ನೂ ಎಲ್ಲಿಯೂ ಹೆಸರಿಟ್ಟು ಹೇಳಿಲ್ಲ. ‘ಋಣ’ ಎಂದು ನೀವು ಹೇಳಹೊರಟದ್ದನ್ನು ‘ಬಾಕಿ’ ಹೊತ್ತುಕೊಂಡಿದೆ. ಇಲ್ಲಿಂದ ಮುಂದೆ ನಿಮ್ಮ ಕೈ ತಾನಾಗಿ ‘ಅವರು ಇಳಿದುಹೋದರು, ನನ್ನ ಬಾಕಿ ಹಾಗೇ ಉಳಿಯಿತು’ ಎಂದು ಬರೆಯಲು ಹೊರಡುತ್ತದೆ. ತಡೆಯಿರಿ. ಓದುಗನಿಗೆ ಅದು ಆಗಲೇ ಗೊತ್ತಾಗಿದೆ. ಗೊತ್ತಾದದ್ದನ್ನು ಮತ್ತೆ ಹೇಳಿದರೆ ಪದ್ಯ ಜಾಣತನವಾಗುತ್ತದೆ. ಬದಲಿಗೆ ನೀವು ಇಳಿಯುವಾಗ ಕೇಳಿದಿರೋ ಇಲ್ಲವೋ ಅದನ್ನು ಬರೆಯಿರಿ, ಅಥವಾ ಪಕ್ಕದಲ್ಲಿ ಕೂತ ಗೆಳೆಯ ಏನಂದ ಎಂಬುದನ್ನು. 12ರಿಂದ 16 ಸಾಲು ಸಾಕು.

ಇನ್ನೊಂದು ಮಾತು. ಹೊಗಳಿಕೆ ಮಾತ್ರ ಇರುವ ಪದ್ಯದಲ್ಲಿ ಮನುಷ್ಯ ನಿಲ್ಲುವುದಿಲ್ಲ. ತಂದೆಯಲ್ಲಿ ನಿಮಗೆ ಹಿಡಿಸದೆ ಇದ್ದ ಒಂದು ಸಂಗತಿ ಎಲ್ಲೋ ಒಂದು ಸಾಲಿನಲ್ಲಿ ಬರಲಿ. ಸತ್ತವರ ಬಗ್ಗೆ ಹಾಗೆ ಬರೆಯಬಾರದು ಎನ್ನುವವರಿದ್ದಾರೆ. ಆ ಸಾಲಿನಿಂದಲೇ ಓದುಗ ಉಳಿದ ಸಾಲುಗಳನ್ನು ನಂಬುತ್ತಾನೆ.

ಪ್ರಶ್ನೆ: ಪದ್ಯದಲ್ಲಿ ಅಪ್ಪ ‘ಬಂದ’ ಎನ್ನಬೇಕೋ ‘ಬಂದರು’ ಎನ್ನಬೇಕೋ? (ಶಿರಸಿ)

ಉತ್ತರ: ನಿಮ್ಮ ಮನೆಯಲ್ಲಿ ಹೇಗೋ ಹಾಗೆ. ಅವ್ವನಿಗೆ ‘ನೀನು’ ಅಂದು ಅಪ್ಪನಿಗೆ ‘ನೀವು’ ಅನ್ನುವ ಮನೆಗಳು ಬಹಳ ಇವೆ, ಮತ್ತು ಆ ವ್ಯತ್ಯಾಸವೇ ಇಬ್ಬರ ಜೊತೆಗಿನ ಸಂಬಂಧದ ಅರ್ಧ ಕತೆ ಹೇಳುತ್ತದೆ. ಅದನ್ನು ಪದ್ಯಕ್ಕಾಗಿ ಸಮ ಮಾಡಬೇಡಿ. ಒಮ್ಮೆ ಹಿಡಿದ ವಚನವನ್ನು ಕಾರಣವಿಲ್ಲದೆ ಬದಲಿಸಲೂಬೇಡಿ. ಮೂರನೇ ಸಾಲಿನಲ್ಲಿ ‘ಬಂದರು’, ಹತ್ತನೆಯದರಲ್ಲಿ ‘ಕೂತ’ ಎಂದಿದ್ದರೆ ಓದುಗ ಇನ್ನೊಬ್ಬರು ಬಂದರೇನೋ ಎಂದುಕೊಳ್ಳುತ್ತಾನೆ. ಬೇಕೆಂದೇ ಬದಲಿಸುವುದು ಬೇರೆ. ಬದುಕಿರುವ ತನಕ ‘ನೀವು’ ಎಂದವರೂ ಹೆಣದ ಮುಂದೆ ಕೂತು ಅಳುವಾಗ ‘ಎಲ್ಲಿ ಹೋದೆಯಪ್ಪಾ’ ಎಂದೇ ಅಳುತ್ತಾರೆ. ಆ ತಿರುವು ನಿಮ್ಮ ಪದ್ಯದಲ್ಲಿ ನಿಜವಾಗಿ ಇದ್ದರೆ ಬಳಸಿ. ಕೆಲವು ಮನೆಗಳಲ್ಲಿ ತಂದೆಯನ್ನೇ ‘ಅಣ್ಣ’ ಎಂದು ಕರೆಯುವುದುಂಟು. ಕರೆಯುವ ಹೆಸರನ್ನು ಬದಲಿಸದೆ, ಮೊದಲ ನಾಲ್ಕು ಸಾಲಿನೊಳಗೆ ಅವರು ತಂದೆ ಎಂದು ತಿಳಿಯುವ ಒಂದು ಸುಳಿವು ಇಡಿ.

ಪ್ರಶ್ನೆ: ನಾನು ಕಪ್ಪು. ಅಕ್ಕ ಬೆಳ್ಳಗೆ. ಚಿಕ್ಕಂದಿನಿಂದ ‘ಇವಳು ಥೇಟ್ ಸೋದರತ್ತೆ ಹಾಗೆ’ ಅನ್ನುವ ಮಾತು ಕೇಳುತ್ತ ಬೆಳೆದೆ. ಅತ್ತೆಗೆ ಮದುವೆಯಾಗಲಿಲ್ಲ, ಹಾಗಾಗಿ ಆ ಮಾತು ಬೈಗುಳವೇ. ನನ್ನ ಮೇಲೆ ನಾನೇ ಬರೆಯಲು ಹೋದರೆ ಕನ್ನಡಿ, ಕಣ್ಣೀರು ಬಂದು ‘ಬಣ್ಣಕ್ಕಿಂತ ಗುಣ ಮುಖ್ಯ’ ಎಂಬಲ್ಲಿಗೆ ಮುಗಿಯುತ್ತದೆ. ಬೇರೆ ದಾರಿ ಇದೆಯೇ? (ಕಲಬುರಗಿ)

ಉತ್ತರ: ಮೊದಲು ಆ ಕೊನೆಯ ಸಾಲನ್ನು ಹೊಡೆದುಹಾಕಿ. ‘ಬಣ್ಣಕ್ಕಿಂತ ಗುಣ ಮುಖ್ಯ’ ಎನ್ನುವ ಮಾತು ಕಪ್ಪು ಒಂದು ಕೊರತೆ ಎಂದು ಒಪ್ಪಿಕೊಂಡೇ ಸಮಾಧಾನ ಹೇಳುತ್ತದೆ. ನಿಮ್ಮನ್ನು ನೋಯಿಸಿದವರ ವಾದವನ್ನು ನೀವೇ ಮುಂದುವರಿಸಿದಂತಾಯಿತು.

ಹತ್ತನೆಯ ಶತಮಾನದ ಪಂಪ ತನ್ನ ಚಿತ್ರವನ್ನು ತಾನೇ ಬರೆದುಕೊಂಡ ಕಂದಪದ್ಯ ಒಂದಿದೆ: ‘ಕದಳೀಗರ್ಭಶ್ಯಾಮಂ ಮೃದುಕುಟಿಲಶಿರೋರುಹಂ ಸರೋರುಹವದನಂ ಮೃದುಮಧ್ಯಮತನು ಹಿತಮಿತಮೃದುವಚನಂ ಲಲಿತಮಧುರಸುಂದರವೇಷಂ.’ ಬಾಳೆಯ ಒಳತಿರುಳಿನಂಥ ಶ್ಯಾಮಲ ಬಣ್ಣ, ಮೆತ್ತನೆಯ ಗುಂಗುರು ಕೂದಲು, ತಾವರೆಯಂಥ ಮುಖ, ಮೃದುವಾದ ಮಧ್ಯಮ ಮೈಕಟ್ಟು, ಹಿತಮಿತವಾದ ಮಾತು, ಸೊಗಸಾದ ಉಡುಪು. ಮೊದಲ ಪದವೇ ಮೈಬಣ್ಣ. ‘ಕಪ್ಪಗಿದ್ದರೂ’ ಎಂಬ ‘ಊ’ಕಾರ ಅಲ್ಲಿಲ್ಲ, ಕ್ಷಮೆ ಕೇಳುವ ಧ್ವನಿ ಇಲ್ಲ, ಜಂಬವೂ ಅಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳಿ ಮುಂದಿನದಕ್ಕೆ ಹೋಗುತ್ತಾನೆ. ಆ ನೆಮ್ಮದಿ ನಿಮ್ಮ ಪದ್ಯಕ್ಕೂ ಬೇಕು. ತಾವರೆ ಮುಖವನ್ನು ಎರವಲು ತರುವುದು ಬೇಡ. ಅವನ ಕಾಲಕ್ಕೆ ಅದು ನಡೆಯುತ್ತಿತ್ತು. ‘ಬಾಳೆಯ ತಿರುಳು’ ಎಂಬಷ್ಟು ಖಚಿತವಾದ ಒಂದು ಹೋಲಿಕೆಯನ್ನು ನಿಮ್ಮ ಅಡುಗೆಮನೆಯಲ್ಲೋ ಹೊಲದಲ್ಲೋ ಹುಡುಕಿ. ನಿಮ್ಮ ಸೀಮೆಯ ಎರೆಮಣ್ಣೇ ಮಳೆಗೆ ಮುಂಚೆ ಒಂದು ಬಣ್ಣ, ಮಳೆಯಾದ ಮರುದಿನ ಇನ್ನೊಂದು ಬಣ್ಣ.

ಇನ್ನು ಬರೆಯುವ ಕ್ರಮ. ನೋಟ್‌ಬುಕ್ಕಿನ ಎರಡು ಪುಟ ಎದುರುಬದುರಾಗಿ ತೆರೆಯಿರಿ. ಎಡಗಡೆ, ನಿಮ್ಮ ರೂಪದ ಬಗ್ಗೆ ಮನೆಯವರು ಆಡಿದ ಮಾತುಗಳನ್ನು ಅವರ ಬಾಯಲ್ಲಿ ಬಂದ ಹಾಗೆಯೇ ಬರೆಯಿರಿ. ಯಾರು, ಎಲ್ಲಿ, ಆಗ ಏನು ಮಾಡುತ್ತಿದ್ದರು ಎಂಬುದೂ ಇರಲಿ. ‘ನೀಲಿ ಬಣ್ಣ ಇಕಿಗೆ ಒಪ್ಪಂಗಿಲ್ಲ, ಅಂದಳು ದೊಡ್ಡವ್ವ, ಸೀರೆ ಮಡಚುತ್ತ’ ಎಂಬ ಹಾಗೆ. ಬಲಗಡೆ, ನಿಮ್ಮ ಮೈಯಲ್ಲಿ ಏನೇನು ಯಾರಿಂದ ಬಂತು ಎಂದು ಬರೆಯಿರಿ: ಮೂಗು ಯಾರದ್ದು, ನಡೆಯುವಾಗ ಒಂದು ಭುಜ ತಗ್ಗುವುದು ಯಾರದ್ದು, ಸಿಟ್ಟು ಬಂದಾಗ ತುಟಿ ಒಳಗೆಳೆದುಕೊಳ್ಳುವುದು ಯಾರದ್ದು. ಹಳೆಯ ಮದುವೆ ಆಲ್ಬಮ್ ಹತ್ತಿರವಿದ್ದರೆ ಒಳ್ಳೆಯದು. ಕನ್ನಡಿಗಿಂತ ಅದರಿಂದ ಹೆಚ್ಚು ಸಿಗುತ್ತದೆ. ಕನ್ನಡಿ ಪದ್ಯಗಳು ಸೋಲುವುದಕ್ಕೆ ಕಾರಣವೇ ಇದು. ಅಲ್ಲಿ ನೋಡುವವರೂ ಕಾಣುವವರೂ ಒಬ್ಬರೇ, ಮೂರನೆಯವರಿಗೆ ಜಾಗವಿಲ್ಲ.

ಮೈಸೂರಿನಲ್ಲಿ ಹುಟ್ಟಿ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದ ಎ.ಕೆ. ರಾಮಾನುಜನ್ ಅವರದೊಂದು ಪುಟ್ಟ ಇಂಗ್ಲಿಷ್ ಪದ್ಯದಲ್ಲಿ ಹೇಳುವವನಿಗೆ ಅಂಗಡಿಯ ಗಾಜಿನಲ್ಲಿ ಯಾರೋ ಅಪರಿಚಿತನ ಭಾವಚಿತ್ರ ಕಾಣುತ್ತದೆ, ಅದರ ಮೂಲೆಯಲ್ಲಿ ಅವನ ತಂದೆಯ ಸಹಿ ಇರುತ್ತದೆ. ತಾನು ಯಾರೆಂದು ಹುಡುಕಿದವನಿಗೆ ಸಿಕ್ಕಿದ್ದು ಅಪ್ಪನ ಕೈಬರಹ. ನಿಮ್ಮ ಚಿತ್ರದ ಮೂಲೆಯಲ್ಲಿ ಸಹಿ ಹಾಕಿರುವವರು ನಿಮ್ಮ ಸೋದರತ್ತೆ. ಆದ್ದರಿಂದ ನಿಮ್ಮ ಮೇಲೆ ಬರೆಯುವುದನ್ನು ಸದ್ಯಕ್ಕೆ ಬಿಟ್ಟು ಅತ್ತೆಯ ಮೇಲೆ ಬರೆಯಿರಿ. ಅವರು ಕೂದಲು ಹೇಗೆ ಬಾಚುತ್ತಿದ್ದರು, ಗಂಡಿನ ಕಡೆಯವರು ಬಂದ ದಿನ ಎಲ್ಲಿ ಕೂರಿಸಿದ್ದರು, ಮನೆಯಲ್ಲಿ ಯಾವ ಕೆಲಸ ಅವರಿಗೆ ಮಾತ್ರ ಬರುತ್ತಿತ್ತು. ಅವರು ಇದ್ದರೆ ಹೋಗಿ ಕೇಳಿ. ಅತ್ತೆಯ ಚಿತ್ರ ಸರಿಯಾಗಿ ಮೂಡಿದ ದಿನ ‘ಥೇಟ್ ಅತ್ತೆ ಹಾಗೆ’ ಎಂಬ ಮಾತನ್ನು ಕಡೆಯ ಸಾಲಿನಲ್ಲಿ ಯಾರ ಬಾಯಲ್ಲಾದರೂ ಆಡಿಸಿ ನೋಡಿ. ಬೈಗುಳ ತಾನಾಗಿ ತಿರುಗಿ ನಿಲ್ಲುತ್ತದೆ, ನೀವು ಒಂದಕ್ಷರ ವಾದ ಮಾಡಬೇಕಾಗಿಲ್ಲ.

ಕರಡು ಮುಗಿದ ಮೇಲೆ ‘ನಾನು’ಗಳನ್ನು ಎಣಿಸಿ. ಕನ್ನಡದಲ್ಲಿ ಕ್ರಿಯಾಪದವೇ ಕರ್ತೃವನ್ನು ಹೇಳುತ್ತದೆ. ‘ಹೋದೆ’ ಎಂದರೆ ಸಾಕು. ಮುಕ್ಕಾಲು ಪಾಲು ‘ನಾನು’ ಹೊಡೆದರೂ ಅರ್ಥ ಕೆಡುವುದಿಲ್ಲ. ಉಳಿದ ಒಂದೆರಡು ‘ನಾನು’ಗಳಿಗೆ ಆಗ ತೂಕ ಬರುತ್ತದೆ.

ಪ್ರಶ್ನೆ: ಮದುವೆಯಾಗಿ ದೂರ ಬಂದೆ. ಮೊನ್ನೆ ತವರಿಗೆ ಹೋದಾಗ ನನ್ನ ಖೋಲಿಯ ಕೀಲಿ ತಮ್ಮನ ಹೆಂಡತಿ ಹತ್ತಿರ ಇತ್ತು. ಚಿಕ್ಕವಳಿದ್ದಾಗ ಅಪ್ಪ ನನ್ನ ಎತ್ತರಕ್ಕೆ ಗೋಡೆಯ ಮೇಲೆ ಎಳೆದಿದ್ದ ಗೆರೆಗಳು ಸುಣ್ಣದೊಳಗೆ ಹೋಗಿದ್ದವು. ಯಾರ ತಪ್ಪೂ ಅಲ್ಲ. ಇದನ್ನು ತ್ರಿಪದಿಯಲ್ಲಿ ಬರೆಯುವ ಆಸೆ. ಲೆಕ್ಕ ಹೇಗೆ? (ಬೆಳಗಾವಿಯಿಂದ ಹೋಗಿ ಪುಣೆಯಲ್ಲಿರುವವರು)

ಉತ್ತರ: ವಿಷಯಕ್ಕೆ ತಕ್ಕ ಮಟ್ಟು ಆರಿಸಿದ್ದೀರಿ. ಬೀಸುವ ಕಲ್ಲಿನ ಮುಂದೆ ಕೂತ ಹೆಂಗಸರು ತವರು, ಅಣ್ಣ ತಮ್ಮ, ಅತ್ತೆ, ಹಡೆದವ್ವ ಎಲ್ಲರನ್ನೂ ಹಾಡಿದ್ದು ತ್ರಿಪದಿಯಲ್ಲೇ. ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಎಂದು ಕೂಡಿಸಿಟ್ಟದ್ದು ಅಂಥ ಹಾಡುಗಳನ್ನು. ಅದಕ್ಕೂ ಹಿಂದೆ, ಬಾದಾಮಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನೆಂಬ ಒಬ್ಬ ಮನುಷ್ಯನ ಸ್ವಭಾವವನ್ನು ‘ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ’ ಎಂದು ಕೆತ್ತಿಟ್ಟದ್ದೂ ತ್ರಿಪದಿಯೇ. ಮೂರು ಸಾಲಿನಲ್ಲಿ ಒಬ್ಬರ ಚಿತ್ರ ಬರೆಯುವ ಕೆಲಸಕ್ಕೆ ಇದು ಹಳೆಯ ಮಟ್ಟು.

ಗಣ ಎಂದರೆ ಸಾಲಿನ ಒಂದು ತುಂಡು. ಒಟ್ಟು 11 ಗಣ: ಮೊದಲ ಸಾಲಿಗೆ 4, ಎರಡನೆಯದಕ್ಕೆ 4, ಮೂರನೆಯದಕ್ಕೆ 3. ಆರನೆಯದು ಮತ್ತು ಹತ್ತನೆಯದು ಬ್ರಹ್ಮಗಣ, ಮಿಕ್ಕವೆಲ್ಲ ವಿಷ್ಣುಗಣ. ಮೂಲದಲ್ಲಿ ಇದು ಅಂಶಗಣದ ಲೆಕ್ಕ, ಅಂದರೆ ಹಾಡುವಾಗ ಹಿಗ್ಗಿಸಿ ಕುಗ್ಗಿಸಿ ಹೊಂದಿಸಿಕೊಳ್ಳುವ ತುಂಡುಗಳ ಲೆಕ್ಕ. ಕಲಿಯುವವರು ವಿಷ್ಣುಗಣಕ್ಕೆ 5 ಮಾತ್ರೆ, ಬ್ರಹ್ಮಗಣಕ್ಕೆ 3 ಮಾತ್ರೆ ಎಂದು ಹಿಡಿದರೆ ಸಾಕು. ಆಗ ಸಾಲುಗಳು 5-5-5-5, 5-3-5-5, 5-3-5 ಆಗುತ್ತವೆ. ಹ್ರಸ್ವಕ್ಕೆ ಒಂದು ಮಾತ್ರೆ. ದೀರ್ಘಕ್ಕೆ, ಅನುಸ್ವಾರವಿದ್ದ ಅಕ್ಷರಕ್ಕೆ, ಒತ್ತಕ್ಷರದ ಹಿಂದಿನ ಅಕ್ಷರಕ್ಕೆ ಎರಡು. ಸರ್ವಜ್ಞನ ಪ್ರಸಿದ್ಧ ವಚನವನ್ನೇ ತುಂಡು ಮಾಡಿ ನೋಡಿ. ಅದೂ ‘ನಾನು ಯಾರು’ ಎಂಬ ಪ್ರಶ್ನೆಗೆ ಕೊಟ್ಟ ಉತ್ತರವೇ:

ಸರ್ವಜ್ಞ | ನೆಂಬುವನು | ಗರ್ವದಿಂ | ದಾದವನೆ
ಸರ್ವರೊಳ | ಗೊಂದು | ನುಡಿಗಲಿತು | ವಿದ್ಯೆಯ
ಪರ್ವತವೆ | ಆದ | ಸರ್ವಜ್ಞ

ಎರಡನೆಯ ಸಾಲಿನ ಕೊನೆಗೆ ‘ವಿದ್ಯೆಯ’ ನಾಲ್ಕೇ ಮಾತ್ರೆ. ಸಾಲಿನ ಕೊನೆಯ ಹ್ರಸ್ವವನ್ನು ಎಳೆದು ಸರಿಮಾಡಿಕೊಳ್ಳುವ ರಿಯಾಯಿತಿ ಇದೆ. ‘ಗೊಂದು’, ‘ಆದ’ ಎಂಬ ಮೂರು ಮಾತ್ರೆಯ ತುಂಡುಗಳ ಹತ್ತಿರ ಉಸಿರು ಹೇಗೆ ತಡೆಯುತ್ತದೆ ನೋಡಿ. ತ್ರಿಪದಿಯ ಜೀವ ಅಲ್ಲಿದೆ. ಹೊಸಬರು ಸಾಮಾನ್ಯವಾಗಿ ಕೆಡಿಸುವುದೂ ಅಲ್ಲಿಯೇ, ಮೂರರ ಜಾಗದಲ್ಲಿ ಐದು ತುಂಬಿ. ಮೂರೂ ಸಾಲಿನ ಎರಡನೆಯ ಅಕ್ಷರ ಒಂದೇ ಇರುವುದನ್ನೂ ಗಮನಿಸಿ: ‘ರ್ವ’. ಇದು ಆದಿಪ್ರಾಸ.

ನಿಮ್ಮ ಸಂಗತಿಯನ್ನು ನಿಮ್ಮ ಸೀಮೆಯ ಆಡುಮಾತಿನಲ್ಲೇ ಕೂರಿಸಿದರೆ:

ನನ್ನ ಖೋಲಿಯ ಕೀಲಿ ಇನ್ನೊಬ್ಬರಿಟ್ಟಾರ
ನನ್ನೆತ್ತರಕ್ಕೆ ಹಡೆದಪ್ಪ ಗೆರಿ ಎಳೆದ
ಸುಣ್ಣ ಬಳಿದಾರ ಗೋಡೀಗೆ

ತುಂಡು ಮಾಡಿ: ನನ್ನ ಖೋ | ಲಿಯ ಕೀಲಿ | ಇನ್ನೊಬ್ಬ | ರಿಟ್ಟಾರ. ನನ್ನೆತ್ತ | ರಕ್ಕೆ | ಹಡೆದಪ್ಪ | ಗೆರಿ ಎಳೆದ. ಸುಣ್ಣ ಬಳಿ | ದಾರ | ಗೋಡೀಗೆ. ‘ನ್ನ’ ಜೊತೆಗೆ ‘ಣ್ಣ’ ಪ್ರಾಸ ಶಾಸ್ತ್ರಕ್ಕೆ ಸ್ವಲ್ಪ ಸಡಿಲ, ಹಾಡಿಗೆ ಪರವಾಗಿಲ್ಲ. ‘ಗೆರಿ ಎಳೆದ’ ಎಂದು ಎರಡನೇ ಸಾಲು ಮುಗಿದಾಗ ಅಪ್ಪ ಗೆರೆ ಎಳೆದನೆಂದು ಕೇಳಿಸುತ್ತದೆ. ಮೂರನೇ ಸಾಲು ಬಂದಮೇಲೆ ಆ ಮಾತು ಗೋಡೆಗೆ ಹೋಗಿ ಸೇರುತ್ತದೆ: ಅಪ್ಪ ಗೆರೆ ಎಳೆದ ಗೋಡೆಗೇ ಸುಣ್ಣ. ಸಾಲು ಮುರಿಯುವ ಜಾಗ ಆರಿಸುವುದೆಂದರೆ ಇದು. ಯಾರ ತಪ್ಪೂ ಅಲ್ಲ ಎಂದಿರಿ. ಅದಕ್ಕೇ ‘ಇಟ್ಟಾರ’, ‘ಬಳಿದಾರ’ ಎಂಬಲ್ಲಿ ಯಾರೆಂದು ಹೆಸರಿಲ್ಲ.

ಮಾದರಿಗಾಗಿ ಕೀಲಿ, ಗೆರೆ ಎರಡನ್ನೂ ಒಂದರಲ್ಲೇ ತಂದಿದ್ದೇನೆ. ನೀವು ಬರೆಯುವಾಗ ಒಂದು ತ್ರಿಪದಿಯಲ್ಲಿ ಒಂದೇ ಸಂಗತಿ ಇರಲಿ. ಕೀಲಿಗೊಂದು, ಗೆರೆಗೊಂದು, ಊಟಕ್ಕೆ ಕೂರಿಸಿ ‘ನಾಚಬ್ಯಾಡ್ರಿ’ ಎಂದು ಬಡಿಸಿದ್ದಕ್ಕೊಂದು ಎಂದು ಐದಾರು ಬರೆದು ಸಾಲಾಗಿ ಜೋಡಿಸಿ. ಬರೆದದ್ದನ್ನು ಗಟ್ಟಿಯಾಗಿ ಹಾಡಿ ನೋಡಿ. ಬೆರಳೆಣಿಕೆಯಲ್ಲಿ ಸರಿ ಬಂದು ಬಾಯಲ್ಲಿ ತೊಡರಿದರೆ ಬಾಯಿ ಹೇಳಿದ್ದೇ ಸರಿ.

ಪ್ರಶ್ನೆ: ಆಸ್ತಿ ಪಾಲಾದ ದಿನದ ಮೇಲೆ ಬರೆದ ಪದ್ಯ ಪತ್ರಿಕೆಯೊಂದರಲ್ಲಿ ಬಂತು. ಅಣ್ಣ ಮಾತು ಬಿಟ್ಟಿದ್ದಾನೆ. ಕಾವ್ಯನಾಮ ಇಟ್ಟುಕೊಳ್ಳಲೇ? (ತುಮಕೂರು)

ಉತ್ತರ: ಕಾವ್ಯನಾಮದಿಂದ ಊರಿಗೆ ಮರೆಯಾಗಬಹುದು, ಮನೆಗೆ ಆಗುವುದಿಲ್ಲ. ನಿಮ್ಮ ಅಣ್ಣನಿಗೆ ಆ ದಿನ ಗೊತ್ತು, ನಿಮ್ಮ ಮಾತಿನ ವರಸೆ ಗೊತ್ತು. ಅಂಕಿತ, ಕಾವ್ಯನಾಮಗಳ ಕೆಲಸ ಬೇರೆ. ಬೇಂದ್ರೆಯವರು ‘ಅಂಬಿಕಾತನಯದತ್ತ’ ಎಂದು ಸಹಿ ಮಾಡಿದ್ದು ತಮ್ಮನ್ನು ಮುಚ್ಚಿಡಲಿಕ್ಕಲ್ಲ. ಅಂಬಿಕೆಯ ಮಗ ದತ್ತ ಎಂದು ತಾಯಿಯ ಹೆಸರನ್ನು ಪ್ರತಿ ಪದ್ಯಕ್ಕೂ ಮುಂದೆ ಮಾಡಲಿಕ್ಕೆ.

ಇನ್ನು ಮುಂದೆ ಅಚ್ಚಿಗೆ ಕೊಡುವ ಮುಂಚೆ ಪದ್ಯವನ್ನು ಕನಿಷ್ಠ ಮೂರು ತಿಂಗಳು ಇಟ್ಟುಕೊಳ್ಳಿ. ಸಿಟ್ಟು ಇಳಿದ ಮೇಲೂ ಪದ್ಯವಾಗಿ ನಿಂತರೆ ಕೊಡಿ. ಗುರುತಿಸುವ ವಿವರಗಳನ್ನು ಬದಲಿಸಿ: ಎಕರೆ, ಸರ್ವೆ ನಂಬರು, ಕೆಲಸ, ಮಕ್ಕಳ ಸಂಖ್ಯೆ. ಆಡಿದ ಮಾತಿನ ಧಾಟಿಯನ್ನೂ ಕೈ ಮಾಡಿದ ಸನ್ನೆಯನ್ನೂ ಬದಲಿಸಬೇಡಿ, ಪದ್ಯ ಸಾಯುತ್ತದೆ. ಇನ್ನೊಬ್ಬರು ನಿಮ್ಮೊಬ್ಬರಿಗೇ ನಂಬಿ ಹೇಳಿದ ಕಾಯಿಲೆ, ಸಾಲ, ಗರ್ಭಪಾತದಂಥ ಸಂಗತಿಗಳು ನಿಮ್ಮ ಸಾಮಗ್ರಿಯಲ್ಲ. ಅವರನ್ನು ಕೇಳದೆ ಮುಟ್ಟಬೇಡಿ. ಕಡೆಯದಾಗಿ, ಪದ್ಯದಲ್ಲಿ ನೀವೆಲ್ಲಿ ನಿಂತಿದ್ದೀರಿ ನೋಡಿ. ನೀವು ಕಳಿಸಿದ ಪ್ರತಿಯಲ್ಲಿ ಅಣ್ಣ ಅಳತೆ ಹಗ್ಗ ಹಿಡಿದಿದ್ದಾನೆ, ಅತ್ತಿಗೆ ಬಾಗಿಲಲ್ಲಿದ್ದಾಳೆ, ನೀವು ಎಲ್ಲಿಯೂ ಇಲ್ಲ. ಹಗ್ಗದ ಇನ್ನೊಂದು ತುದಿ ಯಾರ ಕೈಯಲ್ಲಿತ್ತು? ಆ ಸಾಲು ಸೇರಿಸಿ ಬರೆದು, ಈ ಸಲ ಅಚ್ಚಿಗೆ ಕಳಿಸುವ ಮೊದಲು ಅಣ್ಣನಿಗೆ ಕೊಡಿ.

ಪ್ರಶ್ನೆ: ಕುಡಿದು ಹೊಡೆಯುತ್ತಿದ್ದ ಅಪ್ಪನ ಮೇಲೆ ಬರೆಯಬೇಕು. ಕೂತರೆ ಕೈ ನಡುಗುತ್ತದೆ, ರಾತ್ರಿ ನಿದ್ದೆ ಬರುವುದಿಲ್ಲ. (ಊರು ಬೇಡ ಎಂದಿದ್ದಾರೆ)

ಉತ್ತರ: ಹಾಗಾದರೆ ಈಗಲೇ ಬರೆಯಬೇಕಾಗಿಲ್ಲ. ಪದ್ಯ ಕಾಯುತ್ತದೆ. ಬರೆಯಲೇಬೇಕೆನಿಸಿದರೆ ಏಟಿನಿಂದ ಶುರುಮಾಡಬೇಡಿ, ಮನೆಯ ಅಂಚಿನಿಂದ ಮಾಡಿ: ಅವರು ಬರುವ ಸುಳಿವು ಮೊದಲು ಯಾವ ಸದ್ದಿನಿಂದ ತಿಳಿಯುತ್ತಿತ್ತು, ಯಾವ ಪಾತ್ರೆಯನ್ನು ಯಾರು ಎತ್ತಿಡುತ್ತಿದ್ದರು. ‘ನಾನು’ ಬದಲು ‘ಆ ಹುಡುಗ’, ‘ಆ ಹುಡುಗಿ’ ಎಂದು ಬರೆದರೆ ಸ್ವಲ್ಪ ದೂರ ಸಿಗುತ್ತದೆ. ಹಗಲು ಹೊತ್ತು, 15 ನಿಮಿಷಕ್ಕಿಂತ ಹೆಚ್ಚು ಬೇಡ, ಬರೆದಾದ ಮೇಲೆ ಎದ್ದು ಯಾರ ಜೊತೆಗಾದರೂ ಕೂತು ಮಾತಾಡಿ. ಕ್ಷಮಿಸಿದೆ ಎಂದು ಪದ್ಯ ಮುಗಿಸುವ ಹಂಗು ನಿಮಗಿಲ್ಲ. ನಿದ್ದೆ ಕೆಟ್ಟಿರುವುದನ್ನು ಪದ್ಯದಿಂದ ಸರಿಮಾಡಲು ಹೋಗಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಪ್ರಶ್ನೆ: ಪ್ರೌಢಶಾಲೆಯಲ್ಲಿ ಕನ್ನಡ ಮೇಷ್ಟ್ರು. ಮಕ್ಕಳಿಂದ ಮನೆಯವರ ಮೇಲೆ ಪದ್ಯ ಬರೆಸಬೇಕೆಂದಿದ್ದೇನೆ. ‘ಅಮ್ಮ’ ಎಂದು ವಿಷಯ ಕೊಟ್ಟರೆ ಎಲ್ಲರೂ ಒಂದೇ ಪದ್ಯ ಬರೆಯುತ್ತಾರೆ. (ಚಿತ್ರದುರ್ಗ)

ಉತ್ತರ: ‘ಅಮ್ಮ’ ಎಂಬ ವಿಷಯ ಬೇಡ. ಎಲ್ಲರೂ ಒಂದೇ ಪದ್ಯ ಬರೆಯುವುದು ಒಂದು ಕಾರಣ; ತರಗತಿಯಲ್ಲಿ ತಾಯಿ ಇಲ್ಲದ ಮಗು, ಹಾಸ್ಟೆಲ್ಲಿನ ಮಗು, ಅಜ್ಜಿಯ ಹತ್ತಿರ ಬೆಳೆಯುತ್ತಿರುವ ಮಗು ಇರುತ್ತದೆ ಎಂಬುದು ಇನ್ನೂ ದೊಡ್ಡ ಕಾರಣ. ಪ್ರಶ್ನೆಗಳನ್ನು ಕೊಡಿ. ನೀವು ಮಲಗುವ ಜಾಗದಲ್ಲಿ ರಾತ್ರಿ ಕೊನೆಗೆ ದೀಪ ಆರಿಸುವವರು ಯಾರು? ನಿಮ್ಮನ್ನು ಮುದ್ದಿಗೆ ಏನೆಂದು ಕರೆಯುತ್ತಾರೆ, ಸಿಟ್ಟಿಗೆ ಏನೆಂದು? ನೀವು ಇನ್ನೊಬ್ಬರ ಹಾಗೆ ಇದ್ದೀರಿ ಎಂದು ಯಾರಾದರೂ ಹೇಳಿದ್ದಾರೆಯೇ, ಯಾರ ಹಾಗೆ? ಮೂರನೆಯ ಪ್ರಶ್ನೆಗೆ ಬರುವ ಉತ್ತರಗಳು ಸಾಮಾನ್ಯವಾಗಿ ಎಲ್ಲಕ್ಕಿಂತ ಚೆನ್ನಾಗಿರುತ್ತವೆ.

ಎರಡು ಪೀರಿಯಡ್ ಒಟ್ಟಿಗೆ ಸಿಗುವ ದಿನ ಮಾಡಿ. ಮಕ್ಕಳನ್ನು 15ರ ಗುಂಪು ಮಾಡಿ, ಪೂರ್ತಿ ಹಾಳೆಯ ಬದಲು ಅರ್ಧ ಹಾಳೆ ಕೊಡಿ. ದೊಡ್ಡ ಹಾಳೆ ಕಂಡರೆ ಪ್ರಬಂಧ ಬರೆಯುತ್ತಾರೆ. ಹತ್ತು ನಿಮಿಷ ಉತ್ತರಗಳನ್ನು ಗದ್ಯದಲ್ಲಿ ಬರೆಯಲಿ. ಇಪ್ಪತ್ತು ನಿಮಿಷ ಅದನ್ನೇ ಎಂಟು ಸಾಲಿಗೆ ಇಳಿಸಲಿ, ಮನೆಯಲ್ಲಿ ಆಡುವ ಮಾತಿನಲ್ಲೇ. ಆಡುಮಾತನ್ನು ಕೆಂಪು ಶಾಯಿಯಲ್ಲಿ ತಿದ್ದಿದಿರೋ, ಅವತ್ತಿಗೆ ಮುಗಿಯಿತು. ಉಳಿದ ಹೊತ್ತು ಓದುವುದಕ್ಕೆ, ಇಷ್ಟವಿದ್ದವರು ಮಾತ್ರ. ಕೇಳಿದವರು ‘ಚೆನ್ನಾಗಿದೆ’ ಅನ್ನುವಂತಿಲ್ಲ. ಕೇಳಿದ್ದರಲ್ಲಿ ನೆನಪಿನಲ್ಲಿ ಉಳಿದ ಒಂದು ಸಾಲನ್ನು ತಿರುಗಿ ಹೇಳಬೇಕು. ಯಾವ ಸಾಲು ಹಿಡಿಯಿತು ಎಂದು ಬರೆದ ಮಗುವಿಗೆ ಅದರಿಂದಲೇ ತಿಳಿಯುತ್ತದೆ. ಅಂಕ ಕೊಡಬೇಡಿ.

ಹಾಳೆಗಳನ್ನು ಯಾರಿಂದಲೋ ಓದಿಸುವ ಮುಂಚೆ ನೀವು ಒಬ್ಬರೇ ಓದಿ. ಮನೆಯಲ್ಲಿ ಹಿಂಸೆಯ ಸುಳಿವು ಇದ್ದರೆ ಆ ಪದ್ಯ ತರಗತಿಗೆ ಬರಬಾರದು. ಮಗುವಿನ ಜೊತೆ ಬೇರೆಯಾಗಿ ಮಾತಾಡಿ, ಮಕ್ಕಳ ಸಹಾಯವಾಣಿ 1098ರ ನೆರವು ಪಡೆಯಿರಿ. ಲೈಂಗಿಕ ದೌರ್ಜನ್ಯದ ಸುಳಿವಾದರೆ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸುವುದು ನಿಮ್ಮ ಮೇಲೆ ಕಡ್ಡಾಯ.

ಪ್ರಶ್ನೆ: ಗಂಡ ಹೆಂಡತಿ ಸಂಬಂಧದ ಮೇಲೆ ಬರೆದರೆ ಪ್ರೇಮಗೀತೆ ಆಗುತ್ತದೆ, ಇಲ್ಲವೇ ದೂರು ಆಗುತ್ತದೆ. (ಉಡುಪಿ)

ಉತ್ತರ: ಇಬ್ಬರ ನಡುವೆ ಒಂದು ಮೂರನೆಯ ವಿಷಯ ಇಡಿ: ಮಗು, ಸಾಲ, ಮನೆ ಬದಲಾಯಿಸಿದ ದಿನ. ಬೇಂದ್ರೆಯವರ ‘ನೀ ಹೀಂಗ ನೋಡಬ್ಯಾಡ ನನ್ನ’ ಮಗುವನ್ನು ಕಳೆದುಕೊಂಡ ದುಃಖದ ಪದ್ಯ. ಅದರಲ್ಲಿ ಗಂಡ ಹೆಂಡತಿಗೆ ಮತ್ತೆ ಮತ್ತೆ ಬೇಡುವುದು ಹಾಗೆ ನೋಡಬೇಡ ಎಂದು. ಪ್ರೀತಿ ಎಷ್ಟು, ಸಂಕಟ ಎಷ್ಟು ಎಂದು ಬೇರೆ ಮಾಡಲು ಬರುವುದಿಲ್ಲ. ನಿಮ್ಮ ಪದ್ಯದಲ್ಲಿ ಒಬ್ಬರು ಇನ್ನೊಬ್ಬರಿಗೆ ಹೇಳುವ ಒಂದೇ ಒಂದು ಮಾತು ಏನು ಎಂದು ಮೊದಲು ಬರೆದುಕೊಳ್ಳಿ.

ಪ್ರಶ್ನೆ: ಮಸ್ಕತ್‌ನಲ್ಲಿದ್ದೇನೆ. ಅಮ್ಮನ ಜೊತೆ ಮಾತೆಲ್ಲ ವಿಡಿಯೊ ಕಾಲ್‌ನಲ್ಲಿ. ಪದ್ಯದಲ್ಲಿ ‘ನೆಟ್‌ವರ್ಕ್’, ‘ಮ್ಯೂಟ್’ ಎಂಬ ಪದಗಳು ಬಂದರೆ ಕೆಡುತ್ತದೆಯೇ?

ಉತ್ತರ: ಕೆಡುವುದಿಲ್ಲ. ನಿಮ್ಮ ಅಮ್ಮ ‘ಮ್ಯೂಟಲ್ಲಿ ಇದ್ದೀಯ ಮಗಾ’ ಅನ್ನುತ್ತಾರಾದರೆ ಅದನ್ನೇ ಬರೆಯಿರಿ. ಆ ಜಾಗದಲ್ಲಿ ‘ಮೌನ’ ಎಂದು ಬರೆದರೆ ಪದ್ಯ ತಾನೇ ದೊಡ್ಡ ಮಾತಾಡಿದಂತಾಗುತ್ತದೆ. ಕೆಡುವುದು ಬೇರೆ ಕಡೆ. ಇಂಥ ಪದ್ಯಗಳು ಬಹುಪಾಲು ಊರಿನ ಮಳೆ, ಮಣ್ಣಿನ ವಾಸನೆ ಎಂದು ಊರನ್ನೇ ಬಣ್ಣಿಸುತ್ತವೆ, ನೀವು ಕೂತಿರುವ ಕೋಣೆ ಎಲ್ಲಿಯೂ ಬರುವುದಿಲ್ಲ. ಫೋನಿನ ಪರದೆಯಲ್ಲಿ ಏನು ಕಾಣುತ್ತದೆ ಎಂದು ಬರೆಯಿರಿ: ಅಮ್ಮ ಫೋನನ್ನು ತಗ್ಗಿಸಿ ಹಿಡಿದಾಗ ಕಾಣುವ ಫ್ಯಾನು, ಅರ್ಧ ಹಣೆ, ಒಲೆಯ ಮೇಲಿನ ಕುಕ್ಕರಿನ ಸದ್ದು. ಮೂಲೆಯ ಚಿಕ್ಕ ಚೌಕದಲ್ಲಿ ಕಾಣುವ ನಿಮ್ಮ ಮುಖವನ್ನೂ ಬಿಡಬೇಡಿ. ಅಮ್ಮನ ಜೊತೆ ಮಾತಾಡುತ್ತ ನೀವು ಹೆಚ್ಚು ಹೊತ್ತು ನೋಡುವುದು ಅದನ್ನೋ ಅಮ್ಮನನ್ನೋ ಎಂದು ಮುಂದಿನ ಕರೆಯಲ್ಲಿ ಗಮನಿಸಿ, ಅಲ್ಲಿಂದ ಶುರುಮಾಡಿ.